ಸೂತಿಕಾಗೃಹದ ಶರಪಂಜರ: ತ್ರಿವೇಣಿ ಮತ್ತು ಅಮೃತಾ ಪ್ರೀತಮರ ಎರಡು ಕಾದಂಬರಿಗಳು

ಸಂಸ್ಕೃತದ ‘ಪಂಜರ’ ಶಬ್ದಕ್ಕೆ ಎರಡು ಅರ್ಥಗಳುಂಟು. ಹಕ್ಕಿಯನ್ನು ಕೂಡಿಡುವ ಗೂಡು ಒಂದು. ಎಲುಬಿನ ಹಂದರ ಇನ್ನೊಂದು. ಕನ್ನಡದಲ್ಲಿ ಮೊದಲನೆಯ ಅರ್ಥವು ಮನೆಮಾತಾಗಿದೆ; ಎರಡನೆಯದು ‘ಅಸ್ಥಿಪಂಜರ’ವೆಂಬ ಸಮಾಸದಲ್ಲಿ ಉಳಿದುಕೊಂಡಿದೆ. ಪಂಜಾಬಿಯಲ್ಲಿ ಇವೆರಡೂ ಕವಲೊಡೆದು, ಗೂಡು ‘ಪಿಂಜರಾ’ ಎಂದೂ ಎಲುಬಿನ ಹಂದರ ‘ಪಿಂಜರ್’ ಎಂದೂ ಬೇರೆಬೇರೆ ಪದಗಳಾದವು. ಒಂದೇ ಬೇರಿನ ಈ ಶಬ್ದವನ್ನು ಹಣೆಯ ಮೇಲೆ ಧರಿಸಿರುವ ಎರಡು ಕಾದಂಬರಿಗಳಿವೆ. ೧೯೫೦ರಲ್ಲಿ ಪ್ರಕಟವಾದ ಅಮೃತಾ ಪ್ರೀತಮರ ‘ಪಿಂಜರ್’ ಒಂದು. ಅದಾದ ಕೆಲವು ವರ್ಷಗಳಲ್ಲಿ ತ್ರಿವೇಣಿಯವರು ಬರೆದ ‘ಶರಪಂಜರ’ ಇನ್ನೊಂದು. ಒಬ್ಬರು ಗುಜ್ರಾನ್‌ವಾಲಾದಲ್ಲಿ ಹುಟ್ಟಿ, ದೇಶವಿಭಜನೆಯ ಕಾಲಕ್ಕೆ ಲಾಹೋರನ್ನು ಬಿಟ್ಟು ದೆಹಲಿಗೆ ಬಂದು ನೆಲಸಿದವರು. ಇನ್ನೊಬ್ಬರು ಮೈಸೂರು ಸೀಮೆಯನ್ನು ಬಿಟ್ಟು ಹೊರಗೆ ಬಾಳದವರು. ಒಬ್ಬರ ಕೃತಿಯನ್ನು ಇನ್ನೊಬ್ಬರು ಓದಿದ್ದರೆಂದು ಹೇಳುವ ಅಗತ್ಯವೇನೂ ಇಲ್ಲ. ಆದರೂ ಇಬ್ಬರೂ ಹಿಡಿದ ವಸ್ತು ಒಂದೇ: ಹುಡುಗಿಯಾಗಿದ್ದಾಗ ಗಾಯಗೊಂಡ ಮನಸ್ಸು ತಾಯಾಗುವ ಹೊತ್ತಿಗೆ ಏನಾಗುತ್ತದೆ?

ಇವೆರಡನ್ನು ಒಟ್ಟಿಗಿಟ್ಟು ಓದುವುದಕ್ಕೆ ದೆಹಲಿಯ ಕನ್ನಡಿಗರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಕರೋಲ್‌ಬಾಗಿನ ಸುತ್ತಮುತ್ತ ಸಂಸಾರ ಹೂಡಿದ ದಕ್ಷಿಣದವರ ನೆರೆಯಲ್ಲಿಯೇ ಓಲ್ಡ್ ರಾಜಿಂದರ್ ನಗರವಿದೆ, ಪಟೇಲ್ ನಗರವಿದೆ. ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ಕಟ್ಟಿದ ಬಡಾವಣೆಗಳಿವು. ಅಮೃತಾ ಪ್ರೀತಮರೂ ಕೆಲವು ವರ್ಷ ಪಟೇಲ್ ನಗರದಲ್ಲಿಯೇ ಇದ್ದವರು. ಗೋಡೆಯಾಚೆಯ ಮನೆಯಲ್ಲಿ ಲಾಯಲ್‌ಪುರದ ಮಾತಿದ್ದಾಗ ಈಚೆಯ ಮನೆಯಲ್ಲಿ ‘ಶರಪಂಜರ’ವನ್ನು ಓದುವುದಕ್ಕೂ, ಮೈಸೂರಿನ ಜಗಲಿಯ ಮೇಲೆ ಕುಳಿತು ಅದನ್ನೇ ಓದುವುದಕ್ಕೂ ಅಂತರವುಂಟು.

ಮೊದಲು ತ್ರಿವೇಣಿಯವರ ಶೀರ್ಷಿಕೆಯನ್ನೇ ತುಸು ವಿಚಾರಿಸಬೇಕು. ‘ಶರಪಂಜರ’ವೆಂದೊಡನೆ ಅನೇಕರಿಗೆ ನೆನಪಾಗುವುದು ಭೀಷ್ಮನ ಶರಶಯ್ಯೆ. ಅದು ಸರಿಯಲ್ಲ. ಶರಪಂಜರದ ಪ್ರಸಿದ್ಧವಾದ ಪ್ರಸಂಗ ಭಾಗವತದ ದಶಮಸ್ಕಂಧದ ಕೊನೆಯಲ್ಲಿ ಬರುತ್ತದೆ. ದ್ವಾರಕೆಯ ಬ್ರಾಹ್ಮಣನೊಬ್ಬನಿಗೆ ಹುಟ್ಟಿದ ಮಕ್ಕಳೆಲ್ಲ ಹುಟ್ಟಿದೊಡನೆ ಸಾಯುತ್ತವೆ. ಆತ ಪ್ರತಿಸಲವೂ ಶವವನ್ನು ತಂದು ಅರಮನೆಯ ಬಾಗಿಲಲ್ಲಿಟ್ಟು ಅರಸನನ್ನು ಜರೆಯುತ್ತಾನೆ. ಅಲ್ಲಿಗೆ ಬಂದಿದ್ದ ಅರ್ಜುನ ಅದನ್ನು ಕೇಳಿ, ಮುಂದಿನ ಕೂಸನ್ನು ತಾನು ಕಾಯುವೆನೆಂದೂ, ತಪ್ಪಿದರೆ ಅಗ್ನಿಪ್ರವೇಶ ಮಾಡುವೆನೆಂದೂ ಪ್ರತಿಜ್ಞೆ ಮಾಡುತ್ತಾನೆ. ಹೆರಿಗೆಯ ಹೊತ್ತಿಗೆ ಸೂತಿಕಾಗೃಹದ ಮೇಲೆ, ಕೆಳಗೆ, ಸುತ್ತಲೂ ಬಾಣಗಳನ್ನು ಹೆಣೆದು ಪಂಜರ ಕಟ್ಟುತ್ತಾನೆ. ಕೂಸು ಹುಟ್ಟುತ್ತದೆ, ಅಳುತ್ತದೆ, ಆಮೇಲೆ ಕಾಣದಾಗುತ್ತದೆ. ಹಿಂದೆ ಶವವಾದರೂ ಸಿಕ್ಕುತ್ತಿತ್ತು. ಈ ಸಲ ಅದೂ ಇಲ್ಲ. ಮುಂದೆ ಕೃಷ್ಣನೊಡನೆ ಹೋಗಿ ಮಕ್ಕಳನ್ನೆಲ್ಲ ಮರಳಿ ತರುವ ಭಾಗ ಭಕ್ತರಿಗೆ ಪ್ರಿಯವಾದುದು.

ಈ ಕಥೆಯಲ್ಲಿ ತಂದೆ ಮಾತನಾಡುತ್ತಾನೆ, ಬೈಯುತ್ತಾನೆ, ಅರಮನೆಗೆ ಹೋಗುತ್ತಾನೆ. ಅಷ್ಟು ಸಲ ಹೆತ್ತು ಅಷ್ಟು ಸಲ ಕಳೆದುಕೊಂಡ ತಾಯಿ ಮಾತ್ರ ಪಂಜರದೊಳಗಿದ್ದಾಳೆ. ಮತ್ತೊಮ್ಮೆ ಬಸುರಾದಾಗ ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಪುರಾಣ ಕೇಳುವುದಿಲ್ಲ. ತ್ರಿವೇಣಿಯವರು ಈ ಪ್ರಸಂಗವನ್ನು ನೆನೆದೇ ಹೆಸರಿಟ್ಟರೆ ಎಂಬುದು ಮುಖ್ಯವಲ್ಲ. ಹೆರಿಗೆಮನೆಯನ್ನು ಕಾಯಲೆಂದು ಕಟ್ಟಿದ ಬಾಣಗಳ ಗೂಡು ಒಳಗಿರುವವಳ ಕಡೆಗೆ ಮೊನೆ ತಿರುಗಿಸಿದರೆ ಆಗುವ ಕಥೆಯೇ ಅವರ ಕಾದಂಬರಿ. ಇದು ಕೃತಿಯಿಂದಲೇ ಸಿದ್ಧವಾಗುತ್ತದೆ. ಕಾವೇರಿಯನ್ನು ಸುತ್ತುಗಟ್ಟುವವರೆಲ್ಲ ಮೊದಲು ಅವಳ ರಕ್ಷಕರೇ: ಗಂಡ, ಬಂಧುಗಳು, ಕುಲದ ಮರ್ಯಾದೆ.

ತ್ರಿವೇಣಿಯವರು (೧೯೨೮–೧೯೬೩) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದವರು, ಬಿ. ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು. ೧೯೫೩ರ ‘ಅಪಸ್ವರ’ದಿಂದ ತೊಡಗಿ ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಅವರ ವಾಚಕರಲ್ಲಿ ಹೆಚ್ಚಿನವರು ಹೆಂಗಸರಾಗಿದ್ದುದು ವಿಮರ್ಶಕರ ಕಣ್ಣಿಗೆ ಒಂದು ದೋಷವಾಗಿಯೇ ಕಂಡಿತು. ನವ್ಯದ ಉತ್ಸಾಹದ ದಿನಗಳಲ್ಲಿ ಮನಸ್ಸಿನ ಆಳವನ್ನು ಶೋಧಿಸಿದ ಕೀರ್ತಿಯನ್ನು ಬೇರೆಯವರಿಗೆ ಹಂಚಿಕೊಟ್ಟು, ತ್ರಿವೇಣಿಯವರನ್ನು ‘ಜನಪ್ರಿಯ’ವೆಂಬ ಕಪಾಟಿನಲ್ಲಿಟ್ಟು ಬೀಗ ಹಾಕಿದುದು ಕನ್ನಡ ವಿಮರ್ಶೆಗೆ ಶೋಭೆ ತಂದ ಕೆಲಸವಲ್ಲ. ಗರ್ಭ, ಹೆರಿಗೆ, ಬಾಣಂತನಗಳನ್ನು ಕಥೆಯ ಹಿನ್ನೆಲೆಯಾಗಿ ಬಳಸದೆ ಕಥೆಯ ಕೀಲಾಗಿ ಬಳಸಿದವರು ಅವರು. ‘ಬೆಳ್ಳಿಮೋಡ’ದಲ್ಲಿ ನಾಯಕಿಯ ತಾಯಿ ತಡವಾಗಿ ಬಸುರಾಗಿ, ಗಂಡುಮಗುವನ್ನು ಹೆತ್ತು, ತೀರಿಕೊಳ್ಳುತ್ತಾಳೆ, ಆ ಹೆರಿಗೆಯ ಸುತ್ತಲೇ ಆಸ್ತಿ, ಪ್ರೇಮ, ಸ್ವಾಭಿಮಾನಗಳೆಲ್ಲ ತಿರುಗುತ್ತವೆ.

‘ಶರಪಂಜರ’ದ ಕಥೆ ಪುಟ್ಟಣ್ಣ ಕಣಗಾಲರ ೧೯೭೧ರ ಚಿತ್ರದಿಂದಾಗಿ ಓದದವರಿಗೂ ಗೊತ್ತು. ಸುಖದ ದಾಂಪತ್ಯ, ಹೆರಿಗೆಯ ನಂತರ ಕಾವೇರಿಯ ಬುದ್ಧಿ ಕದಡುತ್ತದೆ, ಮದುವೆಗೆ ಮುಂಚೆ ಅವಳ ಬಾಳಿನಲ್ಲಿ ನಡೆದುಹೋದ, ಯಾರಲ್ಲಿಯೂ ಆಡಲಾಗದ ಒಂದು ಪ್ರಸಂಗ ಆ ಬಿರುಕಿನಿಂದ ಮೇಲೆ ಬರುತ್ತದೆ. ಆಸ್ಪತ್ರೆಯಲ್ಲಿ ಅವಳು ಗುಣಹೊಂದುತ್ತಾಳೆ. ಮನೆಗೆ ಬಂದ ಮೇಲೆ ಅವಳು ಹೆಂಡತಿಯಲ್ಲ, ತಾಯಿಯಲ್ಲ, ಆಸ್ಪತ್ರೆಯಿಂದ ಬಂದವಳು. ಗಂಡನ ಮನಸ್ಸು ಬೇರೆ ಹೆಣ್ಣಿನ ಕಡೆಗೆ ಹೋಗಿರುತ್ತದೆ. ಎರಡನೆಯ ಸಲ ಅವಳ ಬುದ್ಧಿ ಕೆಡುವುದು ಹೆರಿಗೆಯಿಂದಲ್ಲ.

ಚಿತ್ರದಲ್ಲಿ ಕಲ್ಪನಾ ಅವರ ಅಭಿನಯದ ಅಬ್ಬರ ಎಷ್ಟು ದೊಡ್ಡದೆಂದರೆ, ಕಾದಂಬರಿಯ ಮೆಲುದನಿ ಅದರಲ್ಲಿ ಮುಳುಗಿಹೋಯಿತು. ಕಾದಂಬರಿ ನಿಂತಿರುವುದು ಹುಚ್ಚಿನ ವರ್ಣನೆಯಲ್ಲಲ್ಲ, ಗುಣವಾದ ಮೇಲಿನ ದಿನಗಳ ವರ್ಣನೆಯಲ್ಲಿ. ಕಾವೇರಿ ಜೋರಾಗಿ ನಕ್ಕರೆ ಸುತ್ತಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ, ಸುಮ್ಮನಿದ್ದರೂ ನೋಡಿಕೊಳ್ಳುತ್ತಾರೆ. ಇಂಥ ನೋಟಗಳೇ ಬಾಣಗಳು. ಆಸ್ಪತ್ರೆಯಲ್ಲಿ ಅವಳ ಮಾತನ್ನು ಕೇಳುವವರಿದ್ದರು, ಮನೆಯಲ್ಲಿ ಅವಳನ್ನು ಕಾಯುವವರು ಮಾತ್ರ ಇದ್ದರು ಎಂಬಲ್ಲಿ ತ್ರಿವೇಣಿಯವರ ದರ್ಶನದ ತಿರುಳಿದೆ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದುದು ೧೯೫೪ರಲ್ಲಿ. ಅದು ೧೯೭೪ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆ ಇನ್ನೂ ಎಳೆಯದಾಗಿದ್ದ ಕಾಲದಲ್ಲಿಯೇ, ಚಿಕಿತ್ಸೆಯ ಮೇಲೆ ಅಷ್ಟೊಂದು ನಂಬಿಕೆಯನ್ನೂ ಮನೆಯ ಮೇಲೆ ಅಷ್ಟೊಂದು ಅಪನಂಬಿಕೆಯನ್ನೂ ಒಟ್ಟಿಗೆ ಇಟ್ಟುಕೊಂಡು ಬರೆದುದು ಸಾಮಾನ್ಯವಾದ ಧೈರ್ಯವಲ್ಲ.

ಈ ವಸ್ತುವಿಗೆ ನಮ್ಮ ಭಾಷೆಯಲ್ಲಿ ಮಾತುಗಳೇ ಇರಲಿಲ್ಲವೆ? ಇದ್ದವು, ಆದರೆ ಒಂದು ಕಡೆಗೆ ವಾಲಿದ್ದವು. ಬಸುರಿಯ ಆಸೆಗೆ ‘ಬಯಕೆ’ ಎಂಬ ಚೆಲುವಾದ ಶಬ್ದವಿದೆ. ಅದಕ್ಕೆ ಹಾಡುಂಟು, ಊಟವುಂಟು, ಸೀಮಂತದ ಸಡಗರವುಂಟು. ಬಸುರಿಯ ಅಂಜಿಕೆಗೆ ಅಂಥ ಶಬ್ದವಿಲ್ಲ. ಅದನ್ನು ದೃಷ್ಟಿ, ಗಾಳಿ, ಸೋಂಕು ಎಂದು ಹೊರಗಿನಿಂದ ಬಂದ ವಸ್ತುವನ್ನಾಗಿ ಮಾಡಿ ಹೇಳುವುದು ವಾಡಿಕೆ. ಹೆರಿಗೆಯ ನಂತರದ ಚಿತ್ತವಿಕಾರಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರಿದೆ. ಹಳೆಯ ಅಜ್ಜಿಯರು ಅದನ್ನು ಗುರುತಿಸಬಲ್ಲವರಾಗಿದ್ದರೆಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ. ಆದರೆ ಸನ್ನಿ ಎಂದೊಡನೆ ಅದು ಶೀತದ, ಕಾವಿನ, ಪಥ್ಯದ ಮಾತಾಗುತ್ತದೆ. ಬಾಣಂತಿಗೆ ಹಿಂದೊಂದು ಬಾಳು ಇತ್ತೆಂಬುದು ಅದರಲ್ಲಿ ಬರುವುದಿಲ್ಲ. ಡಾಕ್ಟರ್ ಎಂ. ಶಿವರಾಂ ಅವರಂಥವರು ವೈದ್ಯರಾಗಿದ್ದು ಮನಸ್ಸಿನ ರೋಗಗಳನ್ನು ತಿಳಿಗನ್ನಡದಲ್ಲಿ ವಿವರಿಸಿ, ‘ಮನಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನೂ ಪಡೆದರು. (‘ಕೊರವಂಜಿ’ಯ ರಾ.ಶಿ.ಯವರೇ ಇವರು, ನಗಿಸುವವರು ಮನೋರೋಗವನ್ನು ಬರೆದುದರಲ್ಲಿ ಆಶ್ಚರ್ಯವೇನೂ ಇಲ್ಲ.) ಅದಕ್ಕೂ ಬಹಳ ಮುಂಚೆ ಬಾಣಂತಿಯ ಹಿಂದಿನ ಬಾಳನ್ನು ಸನ್ನಿಯೊಡನೆ ಜೋಡಿಸಿದವರು ತ್ರಿವೇಣಿ.

ಇನ್ನೊಂದು ಸಂಗತಿ ಹೊರನಾಡಿನವರಿಗೆ ಬೇಗ ಹೊಳೆಯುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಲ್ಲಿ ಒಂದು ವೈದ್ಯವಿತ್ತು. ಎಣ್ಣೆ, ಬಿಸಿನೀರು, ಮೆಣಸಿನ ಸಾರು ಇವುಗಳಿಗಿಂತ ಮಿಗಿಲಾಗಿ, ಹಗಲಿರುಳು ಬಳಿಯಲ್ಲಿ ಕುಳಿತಿರುವ ಹೆಂಗಸರು. ಆದರೆ ತವರಿನಲ್ಲಿಯೇ ಗಾಯಗೊಂಡವಳಿಗೆ ತವರು ಯಾವ ಮದ್ದು? ದೆಹಲಿಯ ಎರಡು ಕೋಣೆಯ ಮನೆಯಲ್ಲಿ ಹೆತ್ತು, ತಾಯಿಯ ರೈಲು ಬರುವುದನ್ನು ಕಾಯುತ್ತಿದ್ದ ಕನ್ನಡದ ಹೆಣ್ಣುಮಗಳಿಗೂ, ತಾಯಿಯೂರಾದ ಲಾಹೋರಿಗೆ ರೈಲೇ ಇಲ್ಲದ ನೆರೆಮನೆಯ ಪಂಜಾಬಿಗೂ ಇದ್ದ ಒಂಟಿತನ ಬೇರೆಬೇರೆ. ಕಾವೇರಿಯ ಒಂಟಿತನ ಇವೆರಡಕ್ಕಿಂತಲೂ ಬೇರೆ: ಅವಳ ಸುತ್ತ ಎಲ್ಲರೂ ಇದ್ದಾರೆ.

‘ಪಿಂಜರ್’ ಇದಕ್ಕಿಂತ ಎರಡು ಹೆಜ್ಜೆ ಹಿಂದಿನಿಂದ, ಗರ್ಭದಿಂದಲೇ, ಮೊದಲಾಗುತ್ತದೆ. ಬಸುರಿಯಾದ ಪೂರೋ ಬಟಾಣಿ ಸುಲಿಯುತ್ತ ಕುಳಿತಿದ್ದಾಳೆ. ಕಾಯಿಯೊಳಗಿನ ಹುಳುವೊಂದು ಬೆರಳಿಗೆ ಅಂಟಿಕೊಳ್ಳುತ್ತದೆ. ಆ ಅಸಹ್ಯ ಬೆರಳಿನಿಂದ ಮೈಗೆ, ಮೈಯಿಂದ ಗರ್ಭಕ್ಕೆ ಹಬ್ಬುತ್ತದೆ. ಹಳೆಯ ವೈರದ ತೀರಿಕೆಗಾಗಿ ರಶೀದ್ ಎಂಬವನು ಎಳೆಯ ವಯಸ್ಸಿನ ಅವಳನ್ನು ಎತ್ತಿಕೊಂಡು ಹೋಗಿದ್ದಾನೆ. ತಪ್ಪಿಸಿಕೊಂಡು ತಂದೆಯ ಮನೆಯ ಬಾಗಿಲಿಗೆ ಬಂದಾಗ ತಂದೆತಾಯಿಗಳು ಒಳಗೆ ಸೇರಿಸಿಕೊಂಡಿಲ್ಲ. ತೋಳಿನ ಮೇಲೆ ‘ಹಮೀದಾ’ ಎಂಬ ಹೊಸ ಹೆಸರಿನ ಹಚ್ಚೆ ಬಿದ್ದಿದೆ. ಇಷ್ಟನ್ನು ಕಾದಂಬರಿ ಆಮೇಲೆ ತಿಳಿಸುತ್ತದೆ. ಮೊದಲು ನಮಗೆ ಸಿಗುವುದು ಹುಳು. ಭಯಪಟ್ಟ ದೇಹ ತನ್ನೊಳಗಿನ ಜೀವವನ್ನು ಪರಕೀಯವೆಂದು ಭಾವಿಸುವ ಸ್ಥಿತಿಯನ್ನು ಒಂದು ಪುಟದಲ್ಲಿ, ಶಾಸ್ತ್ರದ ಒಂದು ಮಾತೂ ಇಲ್ಲದೆ, ಹೀಗೆ ಹೇಳಿದ ಭಾಗಗಳು ನಮ್ಮ ದೇಶದ ಕಥಾಸಾಹಿತ್ಯದಲ್ಲಿ ಹೆಚ್ಚಿಲ್ಲ. ತ್ರಿವೇಣಿಯವರು ಇಂಥಲ್ಲಿ ವೈದ್ಯನ ಬಾಯಿಂದ ವಿವರಣೆ ಕೊಡಿಸುತ್ತಿದ್ದರು.

ಅಮೃತಾ ಪ್ರೀತಮರಿಗೆ ಈ ಅನುಭವದ ಒಂದು ಅಂಚು ಗೊತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು ಅವರು. ವಿಭಜನೆಯ ಕಾಲದಲ್ಲಿ ಡೆಹರಾಡೂನಿನಿಂದ ದೆಹಲಿಗೆ ರೈಲಿನಲ್ಲಿ ಬರುತ್ತ, ವಾರಿಸ್ ಷಾನನ್ನು ಕರೆದು ಬರೆದ ಪ್ರಸಿದ್ಧ ಕವಿತೆಯ ಹೊತ್ತಿಗೆ ಅವರು ಗರ್ಭಿಣಿಯಾಗಿದ್ದರೆಂಬುದನ್ನು ಅವರ ಚರಿತ್ರಕಾರರು ಹೇಳುತ್ತಾರೆ. ಆ ಕವಿತೆಯನ್ನು ಸಾಮಾನ್ಯವಾಗಿ ದೇಶದ ಶೋಕಗೀತವಾಗಿ ಓದುವುದುಂಟು. ಗರ್ಭಿಣಿಯ ಮಾತಾಗಿ ಓದಿದವರು ಕಡಿಮೆ.

‘ಪಿಂಜರ್’ ಕಾದಂಬರಿಯಲ್ಲಿ ಬರುವ ಹುಚ್ಚಿಯ ಪ್ರಸಂಗವನ್ನು ಇಲ್ಲಿ ಬಿಡುವಂತಿಲ್ಲ. ಊರೂರು ಅಲೆಯುವ ಅವಳ ಹೊಟ್ಟೆ ಒಂದು ದಿನ ದೊಡ್ಡದಾಗಿ ಕಾಣುತ್ತದೆ. ಯಾರೆಂದು ಯಾರೂ ಹೇಳರು. ಹೆತ್ತು ಸಾಯುತ್ತಾಳೆ. ಪೂರೋ ಆ ಕೂಸನ್ನು ತಂದು ಸಾಕುತ್ತಾಳೆ. ಆಮೇಲೆ ಊರಿನ ಹಿರಿಯರಿಗೆ ಹುಚ್ಚಿ ಹಿಂದುವಾಗಿದ್ದಳೆಂಬ ನೆನಪು ಬರುತ್ತದೆ, ಕೂಸನ್ನು ಕಿತ್ತುಕೊಂಡು ಹೋಗುತ್ತಾರೆ; ಅದು ಸಾಯುವಂತಾದಾಗ ತಂದು ಒಪ್ಪಿಸುತ್ತಾರೆ. ತನ್ನ ಗರ್ಭವನ್ನು ಹುಳುವೆಂದು ಬಗೆದವಳು ಪರರ ಕೂಸಿಗೆ ಹಾಲೂಡುವ ಈ ಮಾರ್ಪಾಡಿಗೆ ಕಾದಂಬರಿ ಕಾರಣ ಕೊಡುವುದಿಲ್ಲ. ಕೊಡದಿರುವುದು ಕೊರತೆಯೆಂದು ಕೆಲವರಿಗೆ ತೋರಬಹುದು. ಆದರೆ ಹುಚ್ಚಿಯಲ್ಲಿ ಪೂರೋ ಕಂಡದ್ದು ತನ್ನನ್ನೇ ಎಂಬುದು ಘಟನೆಗಳ ಸಾಲಿನಿಂದಲೇ ಅರಿವಾಗುತ್ತದೆ.

ಊರ ಹಿರಿಯರು ಮಾಡಿದ ಕೆಲಸವನ್ನೇ ಆಮೇಲೆ ಎರಡು ಸರಕಾರಗಳು ಮಾಡಿದವು. ಅಪಹೃತರ ಉದ್ಧಾರಕ್ಕಾಗಿ ಭಾರತ ೧೯೪೯ರಲ್ಲಿ ಮಾಡಿದ ಕಾಯಿದೆ, ೧೯೪೭ರ ಮಾರ್ಚ್ ೧ರ ನಂತರ ಅಂಥ ಹೆಂಗಸಿಗೆ ಹುಟ್ಟಿದ ಮಗುವನ್ನೂ ‘ಅಪಹೃತ ವ್ಯಕ್ತಿ’ಯೆಂದೇ ಎಣಿಸಿತು. ಮರಳಿ ಕರೆತರುವಾಗ ಮಕ್ಕಳನ್ನು ಅಲ್ಲಿಯೇ ಬಿಟ್ಟು ಬಂದವರುಂಟು, ಗರ್ಭವನ್ನು ತೆಗೆಸಿಕೊಂಡವರುಂಟು. ಈ ಕಾರ್ಯದಲ್ಲಿ ದುಡಿದ ಕಮಲಾಬೆನ್ ಪಟೇಲರು ಗುಜರಾತಿಯಲ್ಲಿ ಬರೆದ ನೆನಪುಗಳೂ, ೧೯೯೮ರಲ್ಲಿ ಬಂದ ಊರ್ವಶೀ ಬುಟಾಲಿಯಾ ಅವರ ಗ್ರಂಥವೂ, ಅದೇ ವರ್ಷದ ರಿತು ಮೆನನ್ ಮತ್ತು ಕಮಲಾ ಭಸೀನರ ಗ್ರಂಥವೂ ಇದನ್ನು ಬಯಲಿಗೆ ತಂದವು. ಕಾಯಿದೆ ೧೯೫೭ರಲ್ಲಿ ಮುಗಿಯಿತು. ಬಸುರಿಯ ಮನಸ್ಸನ್ನು ವಿಚಾರಿಸುವ ಒಂದು ಅಂಕಣವೂ ಆ ದಫ್ತರಗಳಲ್ಲಿ ಇರಲಿಲ್ಲ.

ರಾಜಿಂದರ್ ನಗರದ ವಿಷಯಕ್ಕೆ ಬಂದರೆ, ಹತ್ತನೆಯ ವಯಸ್ಸಿನಲ್ಲಿ ಗಡಿ ದಾಟಿ ಬಂದ ಮಕ್ಕಳು ೧೯೬೦ರ ವೇಳೆಗೆ ತಾವೇ ತಾಯಿತಂದೆಗಳಾಗುವ ವಯಸ್ಸಿನವರು. ಅವರ ಮಕ್ಕಳಲ್ಲಿ ಅನೇಕರು ಹುಟ್ಟಿದ ಆಸ್ಪತ್ರೆಯೂ ಅವರಂತೆಯೇ ವಲಸೆ ಬಂದುದು. ಸರ್ ಗಂಗಾರಾಮರು ೧೯೨೧ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ ಆಸ್ಪತ್ರೆ ಗಡಿಯಾಚೆ ಉಳಿಯಿತು. ಅದೇ ಹೆಸರಿನ ಆಸ್ಪತ್ರೆಯನ್ನು ಇಲ್ಲಿ ೧೯೫೪ರಲ್ಲಿ ನೆಹರೂ ಅವರು ಉದ್ಘಾಟಿಸಿದರು. ಲಾಹೋರಿನ ಗಂಗಾರಾಮರ ಪ್ರತಿಮೆಗೆ ಚಪ್ಪಲಿಯ ಹಾರ ಹಾಕಲು ಹೋಗಿ ಗಾಯಗೊಂಡವನನ್ನು ಗಂಗಾರಾಮ್ ಆಸ್ಪತ್ರೆಗೇ ಒಯ್ಯುವ ಮಂಟೋನ ಪುಟ್ಟ ಕಥೆ ಪ್ರಸಿದ್ಧವಾಗಿದೆ. ಇಂದು ಆ ಬೀದಿಗಳಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದಲು ಬಂದ ಹುಡುಗರ ದಟ್ಟಣೆ. ಅವರಲ್ಲಿ ಬೀದರಿನವರೂ ದಾವಣಗೆರೆಯವರೂ ಇದ್ದಾರೆ. ಆ ಕಾಲದ ಮನೆಗಳು ಕೆಡವಲ್ಪಟ್ಟು ನಾಲ್ಕಂತಸ್ತಾಗಿ ಎದ್ದಿವೆ.

ಆ ತಲೆಮಾರಿನ ಮನಸ್ಸಿನ ಬಗೆಗೆ ವೈದ್ಯರು ಬರೆದುದೇನು? ಅಲೋಕ್ ಸರೀನ್ ಮತ್ತು ಸಂಜೀವ್ ಜೈನ್ ಅವರು ೨೦೧೮ರಲ್ಲಿ ಸಂಪಾದಿಸಿದ, ವಿಭಜನೆಯ ಮಾನಸಿಕ ಪರಿಣಾಮಗಳನ್ನು ಕುರಿತ ಗ್ರಂಥದ ಮುಖ್ಯ ದೂರೇ ಇದು: ಆ ಕಾಲದ ಮನೋವೈದ್ಯಶಾಸ್ತ್ರ ಈ ಮಹಾದುರಂತದ ಬಗೆಗೆ ಹೆಚ್ಚು ಕಡಿಮೆ ಮೌನವಾಗಿತ್ತು. ಇಬ್ಬರಲ್ಲಿ ಒಬ್ಬರು ದೆಹಲಿಯ ವೈದ್ಯರು, ಇನ್ನೊಬ್ಬರು ಬೆಂಗಳೂರಿನ ನಿಮ್ಹಾನ್ಸಿನವರು. ಕಥೆಗಾರರು ಮಾತ್ರ ಸುಮ್ಮನಿರಲಿಲ್ಲ. ಪಂಜಾಬಿನಲ್ಲಿ ಗಾಯವಿತ್ತು, ಕಾದಂಬರಿಯಿತ್ತು, ವೈದ್ಯನಿರಲಿಲ್ಲ. ಮೈಸೂರಿನಲ್ಲಿ ವೈದ್ಯನಿದ್ದ, ಗಾಯ ಒಂದು ಮನೆಯ ಗುಟ್ಟಿನಷ್ಟೇ ಚಿಕ್ಕದಾಗಿತ್ತು. ತ್ರಿವೇಣಿಯವರ ಜಗತ್ತು ಇಕ್ಕಟ್ಟಾದುದೆಂಬ ಆಕ್ಷೇಪಕ್ಕೆ ಇಲ್ಲಿ ಸ್ವಲ್ಪ ಆಧಾರವಿದೆ. ಆದರೆ ಇಕ್ಕಟ್ಟಿನಿಂದ ಅವರಿಗೆ ಒಂದು ಲಾಭವೂ ಆಯಿತು. ಪೂರೋಳ ದುಃಖಕ್ಕೆ ಇತಿಹಾಸ ಸಾಕ್ಷಿಯಾಗಿ ನಿಲ್ಲುತ್ತದೆ. ಕಾವೇರಿಯ ದುಃಖಕ್ಕೆ ಯಾವ ಸಾಕ್ಷಿಯೂ ಇಲ್ಲ.

ಇತ್ತೀಚಿನ ಶಾಸ್ತ್ರ ಈ ಎರಡು ಕೃತಿಗಳಿಗೆ ಏನನ್ನು ಕೂಡಿಸುತ್ತದೆ? ಸೆಲ್ಮಾ ಫ್ರೈಬರ್ಗ್ ಎಂಬ ಅಮೆರಿಕದ ಮನೋವಿಶ್ಲೇಷಕಿ ತಮ್ಮ ಸಹೋದ್ಯೋಗಿಗಳೊಡನೆ ೧೯೭೫ರಲ್ಲಿ ಬರೆದ ಲೇಖನವೊಂದರಲ್ಲಿ, ತಾಯಿತಂದೆಗಳ ಮರೆತ ಬಾಲ್ಯ ತೊಟ್ಟಿಲಕೋಣೆಗೆ ದೆವ್ವಗಳಂತೆ ಬರುತ್ತದೆಂದು ಹೇಳಿದರು. ಅವರ ಸೂಕ್ಷ್ಮ ಇರುವುದು ಇನ್ನೊಂದು ಮಾತಿನಲ್ಲಿ. ಬಾಲ್ಯದಲ್ಲಿ ನಡೆದುದನ್ನು ಬರಿಯ ಸಂಗತಿಯಾಗಿ ನೆನಪಿಟ್ಟುಕೊಂಡವರು ಅದನ್ನು ಮಕ್ಕಳ ಮೇಲೆ ಮತ್ತೆ ನಡೆಸುವುದುಂಟು. ಆಗ ಪಟ್ಟ ನೋವನ್ನು ನೋವಾಗಿ ನೆನೆಯಬಲ್ಲವರು ಸಾಮಾನ್ಯವಾಗಿ ನಡೆಸರು. ೧೯೯೮ರಲ್ಲಿ ಫೆಲಿಟಿ, ಆಂಡಾ ಮೊದಲಾದವರು ಬಾಲ್ಯದ ಕಷ್ಟಗಳಿಗೂ ದೊಡ್ಡವರಾದ ಮೇಲಿನ ರೋಗಗಳಿಗೂ ಇರುವ ನಂಟನ್ನು ಸಾವಿರಾರು ಜನರಲ್ಲಿ ಅಳೆದು ತೋರಿಸಿದರು. ಅಂಥ ಕಷ್ಟ ಕಂಡವರಲ್ಲಿ ಗರ್ಭಕಾಲದ ಖಿನ್ನತೆ ಹೆಚ್ಚೆಂದು ಆಮೇಲಿನ ಅಧ್ಯಯನಗಳು ತಿಳಿಸಿವೆ. ಹೆಚ್ಚೆಂದರೆ ವಿಧಿಯೆಂದಲ್ಲ, ವಿಮರ್ಶಕರು ಇದನ್ನು ಮರೆತು ಪ್ರತಿಯೊಂದು ಪಾತ್ರದ ಬಾಲ್ಯವನ್ನು ಕೆದಕಹೊರಡುವುದು ಹೊಸ ಜ್ಯೋತಿಷ್ಯವಾದೀತು. ಭಾರತದಲ್ಲಿ ನಡೆದ ೩೮ ಅಧ್ಯಯನಗಳನ್ನು ಕೂಡಿಸಿ ೨೦೧೭ರಲ್ಲಿ ಮಾಡಿದ ಲೆಕ್ಕದಂತೆ ಹೆತ್ತ ತಾಯಂದಿರಲ್ಲಿ ಶೇಕಡ ೨೨ರಷ್ಟು ಮಂದಿಗೆ ಖಿನ್ನತೆ ಕಾಣುತ್ತದೆ. ಕಾವೇರಿಗಾದ ಉನ್ಮಾದ ಇದಕ್ಕಿಂತ ಬಹಳ ವಿರಳವಾದುದು, ಬಹಳ ತೀವ್ರವಾದುದು. ಅದರಲ್ಲಿ ಮೈಯ ಪಾತ್ರವೂ ವಂಶದ ಪಾತ್ರವೂ ದೊಡ್ಡವೆಂದು ಇಂದಿನ ವೈದ್ಯರು ತಿಳಿದಿದ್ದಾರೆ. ಗುಟ್ಟು ಹೊರಬಿದ್ದೊಡನೆ ರೋಗ ಬಿಡುವುದೆಂಬ, ಫ್ರಾಯ್ಡನನ್ನು ಹೊಸದಾಗಿ ಓದಿದ ಕಾಲದ ಉತ್ಸಾಹ ‘ಶರಪಂಜರ’ದಲ್ಲಿ ತಕ್ಕಮಟ್ಟಿಗೆ ಇದೆ, ಅದು ಕೃತಿಯ ಹಳತಾದ ಭಾಗ.

ಹಳತಾಗದ ಭಾಗವೆಂದರೆ ಗಂಡನ ಚಿತ್ರಣ. ಶಾಸ್ತ್ರ ಕೂಡ ತಂದೆಯ ಕಡೆಗೆ ತಡವಾಗಿ ತಿರುಗಿತು. ತಂದೆಯಾಗುವವರಲ್ಲಿಯೂ ಹತ್ತರಲ್ಲಿ ಒಬ್ಬರಷ್ಟು ಮಂದಿ ಖಿನ್ನರಾಗುತ್ತಾರೆಂಬ ಲೆಕ್ಕ ಬಂದುದು ೨೦೧೦ರಲ್ಲಿ. ಸತೀಶ ದುಷ್ಟನಲ್ಲ. ಹೆಂಡತಿಯ ಉನ್ಮಾದವನ್ನು ಕಂಡು ಹೆದರಿದ ಗಂಡಸು, ಹೆದರಿದ್ದೇನೆಂದು ಹೇಳಲಾರದೆ ಮನೆಯಿಂದ ಮನಸ್ಸನ್ನು ತೆಗೆದುಕೊಂಡು ಹೋದವನು. ತ್ರಿವೇಣಿಯವರು ಅವನನ್ನು ಕ್ಷಮಿಸಿಲ್ಲ. ಅವನ ಭಯದೊಳಕ್ಕೆ ಹೋಗಿಯೂ ಇಲ್ಲ. ಹೋಗಿದ್ದರೆ ಕಾದಂಬರಿ ಇನ್ನೂ ದೊಡ್ಡದಾಗುತ್ತಿತ್ತು. ಅಮೃತಾ ಪ್ರೀತಮರು ರಶೀದನ ಒಳಕ್ಕೆ ಹೋಗಿದ್ದಾರೆ. ಅವನ ಪಶ್ಚಾತ್ತಾಪ ನಂಬುವಂತಿದೆಯೆ ಎಂಬುದು ಚರ್ಚೆಯ ಮಾತು, ಆದರೆ ಗಾಯ ಮಾಡಿದವನೂ ತಂದೆಯಾಗುತ್ತಾನೆಂಬ ಕಹಿಯನ್ನು ಅವರು ತಪ್ಪಿಸಿಕೊಳ್ಳಲಿಲ್ಲ.

ತ್ರಿವೇಣಿಯವರು ೧೯೬೩ರ ಜುಲೈ ೨೯ರಂದು, ಮಗಳನ್ನು ಹೆತ್ತ ಹತ್ತು ದಿನಗಳಿಗೆ, ತೀರಿಕೊಂಡರು; ವಯಸ್ಸು ಮೂವತ್ತನಾಲ್ಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗ ೨೦೦೯ರಲ್ಲಿ ತೊಡಗಿತು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ೨೧ನೆಯ ಪ್ರಕರಣ ವಿಧಿಸಿತು. ಈ ವಿಧಿಯ ಕೈ ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ ಚಾಚುತ್ತದೆ. ಕಾದಂಬರಿಯ ಎರಡನೆಯ ಭಾಗ ಆ ಬಾಗಿಲಿನ ಹೊರಗೆ ಮೊದಲಾಗುತ್ತದೆ.

ಎರಡು ಕೃತಿಗಳ ಕೊನೆಗಳನ್ನು ಹೋಲಿಸಿದರೆ ಭೇದ ನಿಚ್ಚಳವಾಗುತ್ತದೆ. ಗಡಿಯಲ್ಲಿ ಸಹೋದರ ಬಂದು ಕರೆದಾಗ, ಒಮ್ಮೆ ಮುಚ್ಚಿದ ಬಾಗಿಲು ತೆರೆದಾಗ, ಪೂರೋ ಹೋಗುವುದಿಲ್ಲ. ತಾನು ರಕ್ಷಿಸಿ ತಂದ ಲಾಜೋಳನ್ನು ಕಳಿಸಿಕೊಟ್ಟು ತಾನು ಉಳಿಯುತ್ತಾಳೆ. ಕಾವೇರಿಗೆ ಉಳಿಯಲು ಜಾಗವಿಲ್ಲ, ಹೋಗಲು ಇರುವುದು ಒಂದೇ ಜಾಗ. ಅವಳು ಮತ್ತೆ ಆಸ್ಪತ್ರೆಯ ಕಡೆಗೆ ನಡೆಯುವಾಗ ಓದುಗರಲ್ಲಿ ಮರುಕ ಹುಟ್ಟುವುದು ಸಹಜ. ಆದರೆ ಆ ನಡಿಗೆಯಲ್ಲಿ ಸೋಲಿನಷ್ಟೇ ಆಯ್ಕೆಯೂ ಇದೆಯೆಂದು, ತನ್ನನ್ನು ಕೇಳಿಸಿಕೊಂಡ ಒಂದೇ ಒಂದು ಮನೆಗೆ ಅವಳು ಮರಳುತ್ತಿದ್ದಾಳೆಂದು, ‘ಪಿಂಜರ್’ ಓದಿದ ಮೇಲೆ ತೋರುತ್ತದೆ.